ಹೆಗಲ ಚೀಲದ ಗಣಕ

ಸೀರೆ ಕೊಳ್ಳಲು ಹೋದ ಹೆಂಗಸರು ಅಂಗಡಿಯಲ್ಲೇ ಬೇರು ಬಿಡುತ್ತಾರೆಂದು ಗಂಡಸರು ಆಡಿಕೊಳ್ಳುವುದು ಇಂದು ನಿನ್ನೆಯ ಮಾತಲ್ಲ. ನೂರು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, ಕೊಟ್ಟ ತಂಪು ಪಾನೀಯ ಕುಡಿದು ಎದ್ದು ಬಂದವರ ಕಥೆಗಳು ನಗೆಹನಿಯ ಪುಟಗಳನ್ನು ಬಹುಕಾಲ ಸಾಕಿವೆ. ಆದರೆ ಆ ಹೊತ್ತಿನಲ್ಲಿ ಹೆಂಗಸು ಮಾಡುವುದೇನೆಂದು ಯಾರಾದರೂ ನಿಂತು ನೋಡಿದ್ದಾರೆಯೆ? ಸೆರಗನ್ನು ಎರಡು ಬೆರಳ ನಡುವೆ ಹಿಡಿದು ನೇಯ್ಗೆ ನೋಡುತ್ತಾಳೆ. ಮಗುಚಿ ಒಳಮೈಯ ಎಳೆ ನೋಡುತ್ತಾಳೆ. ಅಂಗೈಯಲ್ಲಿ ಎತ್ತಿ ತೂಕ ನೋಡುತ್ತಾಳೆ. ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುತ್ತಾಳೆ. ಉಟ್ಟು ಎಲ್ಲೆಲ್ಲಿಗೆ ಹೋಗಬೇಕು, ಎಷ್ಟು ಸಲ ಒಗೆಯಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಇಷ್ಟು ಪರೀಕ್ಷೆ ಮಾಡಿ ಒಂದು ವಸ್ತುವನ್ನು ಕೊಳ್ಳುವ ವಿದ್ಯೆ ಮನೆಯಲ್ಲಿ ಬೇರೆ ಯಾರಿಗಿದೆ, ಹೇಳಿ. ಈ ವಿದ್ಯೆ ಸೀರೆಗೆ ಮಾತ್ರ ಮೀಸಲಲ್ಲ ಎಂಬುದು, 2025ರ ದೀಪಾವಳಿ ಮುಗಿದ ವಾರ ನನ್ನ ತಂಗಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ನನಗೆ ಚೆನ್ನಾಗಿ ಮನದಟ್ಟಾಯಿತು.

ತಂಗಿಯದು ಸೀರೆಯ ವ್ಯಾಪಾರವೇ. ಮನೆ ಆರ್.ಟಿ. ನಗರದಲ್ಲಿ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಿಂದ ಸೀರೆ ತೆಗೆದು ದಾವಣಗೆರೆ, ರಾಣೆಬೆನ್ನೂರು, ಹುಬ್ಬಳ್ಳಿಯ ಅಂಗಡಿಗಳಿಗೆ ಒದಗಿಸುವ ಕೆಲಸವನ್ನು ಅವಳ ಗಂಡ ಇಪ್ಪತ್ತು ವರ್ಷ ನಡೆಸಿಕೊಂಡು ಬಂದರು. ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದಾಗ, 'ಇರುವ ಬಾಕಿ ವಸೂಲಿ ಮಾಡಿ ಮುಚ್ಚಿಬಿಡಿ' ಎಂದವರೇ ಹೆಚ್ಚು. ಬಾಕಿ ವಸೂಲಿಗೆಂದು ಹುಬ್ಬಳ್ಳಿಗೆ ಹೋದ ತಂಗಿ ಬಾಕಿಯ ಜೊತೆಗೆ ಹೊಸ ಆರ್ಡರನ್ನೂ ತಂದಳು. ಅಂದಿನಿಂದ ತಿಂಗಳಿಗೆರಡು ಸಲ ಯಶವಂತಪುರದಲ್ಲಿ ರೈಲು ಹತ್ತುತ್ತಾಳೆ. ಮಾದರಿಗೆಂದು ಹತ್ತು ಸೀರೆಗಳ ಚೀಲ, ಬದಲಿ ಬಟ್ಟೆ, ನೀರಿನ ಬಾಟಲಿ, ಒಂದು ಉದ್ದ ನೋಟ್ ಪುಸ್ತಕ. ಇದು ಅವಳ ಸಂಚಾರಿ ಅಂಗಡಿ.

ಕಷ್ಟ ಇದ್ದದ್ದು ಆ ನೋಟ್ ಪುಸ್ತಕದಲ್ಲಿ. ಹಗಲು ಅಂಗಡಿ ಅಂಗಡಿ ಸುತ್ತಿ ಬರೆದುಕೊಂಡ ಆರ್ಡರುಗಳನ್ನು ಮನೆಗೆ ಬಂದ ಮೇಲೆ ಭಾನುವಾರ ಯಾರದೋ ಗಣಕದ ಮುಂದೆ ಕುಳಿತು ಬಿಲ್ ಮಾಡಿಸಬೇಕು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಬಿಲ್ ಎಂಬುದು ಚೀಟಿಯ ಮೇಲೆ ಗೀಚಿ ಕೊಡುವ ವಸ್ತುವಾಗಿ ಉಳಿದಿಲ್ಲ. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಲಾರಿಯ ಜೊತೆಗೆ ಇ-ವೇ ಬಿಲ್ಲೂ ಇರಬೇಕು. ಬಿಲ್ ಆಗುವವರೆಗೆ ಸರಕು ಹೊರಡದು. ಅಂಗಡಿಯವರು ಹಣ ಕೊಡುವ ಗಡುವನ್ನು ಎಣಿಸುವುದೂ ಬಿಲ್ಲಿನ ತಾರೀಖಿನಿಂದಲೇ. ನಾಲ್ಕು ದಿನ ಬಿಲ್ ತಡವಾದರೆ ಹಣ ನಾಲ್ಕು ದಿನ ತಡ. ಮಗ್ಗದವರು ಮಾತ್ರ ತಮ್ಮ ವಾರದ ಲೆಕ್ಕಕ್ಕೆ ಶನಿವಾರ ಸರಿಯಾಗಿ ಬಾಗಿಲಿಗೆ ಬರುತ್ತಾರೆ. ದಾವಣಗೆರೆಯ ಒಂದು ಒಳ್ಳೆಯ ಅಂಗಡಿ, ಕುಳಿತಲ್ಲೇ ಬಿಲ್ ಮಾಡಿಕೊಡುವ ಇನ್ನೊಬ್ಬರಿಗೆ ಹಬ್ಬದ ಆರ್ಡರನ್ನು ಕೊಟ್ಟುಬಿಟ್ಟಿತು. ಆಗ ಅವಳ ಭಾವನವರು, 'ಊರಾಡುವ ಕೆಲಸವನ್ನು ಒಬ್ಬ ಕಮಿಷನ್ ಏಜೆಂಟರಿಗೆ ಒಪ್ಪಿಸಿಬಿಡಮ್ಮ, ಹೆಂಗಸು ಒಂಟಿಯಾಗಿ ಅಲೆಯುವುದಾದರೂ ತಪ್ಪುತ್ತದೆ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಆದರೆ ಏಜೆಂಟರ ಪಾಲು ಕಳೆದರೆ ಉಳಿಯುವುದು ಗಂಡನ ಔಷಧಿಗೆ ಸಾಲುವುದೂ ಅನುಮಾನ. ತಂಗಿ ಸಂಕ್ರಾಂತಿಯವರೆಗೆ ಕಾಲ ಕೇಳಿದಳು. ಚೀಟಿ ಎತ್ತಿದ 60,000 ರೂಪಾಯಿ ಅವಳ ಕೈಯಲ್ಲಿತ್ತು. ಪ್ರಯಾಣದಲ್ಲೇ ಲೆಕ್ಕ ಮುಗಿಸುವ ಒಂದು ಯಂತ್ರ ಬೇಕು ಎಂದಳು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. 'ಫೋನ್ ಇದೆಯಲ್ಲ, ಅದರಲ್ಲೇ ಎಲ್ಲ ಆಗುತ್ತದೆ' ಎಂದರು ಒಬ್ಬರು. ಆಗುತ್ತದೆ ಎಂಬುದೇನೋ ನಿಜ. ಸೀರೆಯ ಚಿತ್ರ ಕಳಿಸುವುದು, ಹಣ ಬಂತೇ ನೋಡುವುದು, ಇ-ವೇ ಬಿಲ್ ಕೂಡ ಫೋನಿನಲ್ಲಿ ಮಾಡುವವರಿದ್ದಾರೆ. ಆದರೆ ನಲವತ್ತೆಂಟರ ತಂಗಿಗೆ ಚಾಳೀಸು ಬಂದು ಆರು ವರ್ಷವಾಗಿದೆ. ಮೂವತ್ತು ಅಂಗಡಿಗಳ ಖಾತೆ, ಒಂದೊಂದರಲ್ಲಿ ಹತ್ತಾರು ಬಗೆಯ ಸೀರೆ, ಬಂದದ್ದು, ಹೋದದ್ದು, ವಾಪಸಾದದ್ದು. ಇದನ್ನೆಲ್ಲ ಅಂಗೈಯಗಲದ ಗಾಜಿನ ಮೇಲೆ ಹೆಬ್ಬೆರಳಿನಿಂದ ತಳ್ಳುತ್ತಾ ನೋಡುವುದೆಂದರೆ ಬಾಗಿಲ ಸಂದಿಯಿಂದ ತೇರು ನೋಡಿದ ಹಾಗೆ. ಫೋನ್ ಮಾತಿಗೆ, ಚಿತ್ರಕ್ಕೆ ಸರಿ. ಲೆಕ್ಕಕ್ಕೆ ಅಗಲವಾದ ಪುಟ ಬೇಕು, ಹತ್ತು ಬೆರಳಿಗೂ ಜಾಗ ಬೇಕು.

ಇನ್ನೊಂದು ಸಲಹೆ ಅವಳ ಮಗನದು. ಅವನ ಕಾಲೇಜು ದಿನಗಳ ಹಳೆಯ ಲ್ಯಾಪ್‌ಟಾಪ್ ಕಪಾಟಿನಲ್ಲಿತ್ತು. ಆಟ ಆಡಲೆಂದು ಕೊಂಡದ್ದು. ಕಪ್ಪಗೆ, ದಪ್ಪಗೆ, ಕೀಲಿಗಳ ಕೆಳಗೆ ಕೆಂಪು ದೀಪ ಬೇರೆ. 'ಅಮ್ಮ, ಇದರ ಮುಂದೆ ನೀನು ಈಗ ಕೊಳ್ಳುವುದು ಮಕ್ಕಳ ಆಟಿಕೆ' ಎಂದ. ಇರಬಹುದು. ನಾನು ಅದನ್ನು ಎತ್ತಿಕೊಂಡು ಹೋಗಿ ನಮ್ಮ ಶಾಲೆಯ ತೂಕದ ಯಂತ್ರದ ಮೇಲಿಟ್ಟೆ. ಮಕ್ಕಳ ಪುಸ್ತಕದ ಚೀಲ ತೂಗಲೆಂದು ತಂದಿಟ್ಟ ಯಂತ್ರ ಅದು. ಲ್ಯಾಪ್‌ಟಾಪ್ 2.5 ಕಿಲೋ; ಇಟ್ಟಿಗೆಯಂಥ ಅದರ ಚಾರ್ಜರ್ 700 ಗ್ರಾಂ. ಹತ್ತು ರೇಷ್ಮೆ ಸೀರೆ 6 ಕಿಲೋ. ಬಟ್ಟೆ, ನೀರು, ಪುಸ್ತಕ ಸೇರಿ ಇನ್ನೆರಡು. ಒಟ್ಟು 11 ಕಿಲೋ ದಾಟಿತು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಚೀಲ 5 ಕಿಲೋ ಮೀರಬಾರದೆಂದು ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತು. ಹದಿನೈದರ ಹುಡುಗನಿಗೆ ಹೊರಿಸಬಾರದ ಭಾರದ ಎರಡರಷ್ಟನ್ನು ನಲವತ್ತೆಂಟರ ಹೆಂಗಸು ಹೊತ್ತು ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಯಶವಂತಪುರದ ಮೆಟ್ಟಿಲು ಹತ್ತಿ ಇಳಿಯಬೇಕು. ತಾಯಂದಿರ ಚೀಲಕ್ಕೆ ಇಂಥ ಆದೇಶ ಹೊರಡಿಸುವ ಇಲಾಖೆ ಯಾವುದೂ ಇಲ್ಲ.

ತೂಕವೊಂದೇ ಅಲ್ಲ, ಆ ಯಂತ್ರದ ಬ್ಯಾಟರಿ ಒಂದೂವರೆ ಗಂಟೆಗೆ ಬಾಯಿ ಬಿಡುತ್ತಿತ್ತು. ಜೊತೆಗೆ ಅದರಲ್ಲಿದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11ನ್ನು ಒಪ್ಪಿಕೊಳ್ಳುವಷ್ಟು ಹೊಸದೂ ಅಲ್ಲ ಅದು. ಬ್ಯಾಂಕಿನ ವ್ಯವಹಾರ, ತೆರಿಗೆಯ ಲೆಕ್ಕ ಮಾಡುವ ಯಂತ್ರಕ್ಕೆ ಬೀಗ ಗಟ್ಟಿಯಿರಬೇಕಲ್ಲವೆ? ಹಳೆಯ ಯಂತ್ರ ಮತ್ತೆ ಕಪಾಟು ಸೇರಿತು.

ಈ 11 ಕಿಲೋ ಎಂಬ ಅಂಕಿ ನೋಡಿ ನನಗೆ ಎಲ್ಲೋ ಓದಿದ್ದು ನೆನಪಾಯಿತು. ಎತ್ತಿಕೊಂಡು ಓಡಾಡುವ ಗಣಕವೆಂದು ಹೇಳಿಸಿಕೊಂಡು ಮೊದಲು ಚೆನ್ನಾಗಿ ಮಾರಾಟವಾದದ್ದು 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್‌ಬಾರ್ನ್ 1. ಅದರ ತೂಕವೂ ಸುಮಾರು 11 ಕಿಲೋ! ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಹಿಡಿ, ಐದು ಇಂಚಿನ ಪರದೆ, ಬ್ಯಾಟರಿ ಇಲ್ಲ, ಬೆಲೆ 1,795 ಡಾಲರ್. ಅದನ್ನು ತಂದ ಆಡಮ್ ಆಸ್‌ಬಾರ್ನ್ ನಮಗೆ ತೀರ ದೂರದವರೇನಲ್ಲ. ಅವರ ತಂದೆ ಆರ್ಥರ್ ಆಸ್‌ಬಾರ್ನ್ ರಮಣ ಮಹರ್ಷಿಗಳ ಭಕ್ತರು. ಮಗನ ಬಾಲ್ಯ ಕಳೆದದ್ದು ಅರುಣಾಚಲದ ಬುಡದಲ್ಲಿ, ತಿರುವಣ್ಣಾಮಲೆಯಲ್ಲಿ. 2003ರಲ್ಲಿ ಕೊನೆಯುಸಿರೆಳೆದದ್ದು ಕೊಡೈಕನಾಲಿನಲ್ಲಿ. ಅವರ ಕಂಪನಿ ಮಾತ್ರ 1983ರಲ್ಲೇ ದಿವಾಳಿಯಾಯಿತು. ಇರುವ ಯಂತ್ರ ಮಾರುತ್ತಿರುವಾಗಲೇ ಇನ್ನೂ ಒಳ್ಳೆಯದು ಬರಲಿದೆ ಎಂದು ಸಾರಿದ್ದರಿಂದ, ಜನ ಕೊಳ್ಳುವುದನ್ನು ಬಿಟ್ಟು ಕಾಯುತ್ತ ಕುಳಿತರು ಎಂದು ಹೇಳುವವರಿದ್ದಾರೆ. ಈಗಲೂ ಅಷ್ಟೆ. ಯಾವ ಅಂಗಡಿಗೆ ಹೋದರೂ 'ಇನ್ನೆರಡು ತಿಂಗಳು ತಡೆಯಿರಿ, ಹೊಸ ಮಾದರಿ ಬರುತ್ತದೆ' ಎನ್ನುವ ಒಬ್ಬರು ಇದ್ದೇ ಇರುತ್ತಾರೆ. ಇನ್ನೆರಡು ತಿಂಗಳಿಗೆ ಸಂಕ್ರಾಂತಿ ಕಳೆದುಹೋಗುತ್ತದೆ ಎಂಬುದು ಅವರಿಗೇನು ಗೊತ್ತು?

ನಮ್ಮ ಬೆಂಗಳೂರಿನ ಉತ್ತರ ಭಾಗಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರು, ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರುಗಳೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿದರು. ಸರಳ, ಅಗ್ಗ, ಹಲವು ಭಾಷೆ ಬಲ್ಲದ್ದು ಎಂಬುದೇ ಆ ಹೆಸರಿನ ಅರ್ಥ. ಮಾದರಿ ಹೊರಬಂದದ್ದು 2001ರಲ್ಲಿ. 2004ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದು ತಿಳಿದುಕೊಳ್ಳುತ್ತಿತ್ತು. ಪರದೆಯ ಮೇಲೆ ಕಡ್ಡಿಯಿಂದ ಬರೆಯಬಹುದಿತ್ತು. ಓದು ಬರಹ ಬಾರದ ಹಳ್ಳಿಯವರಿಗೂ ಗಣಕ ಎಟುಕಲಿ ಎಂಬ ದೊಡ್ಡ ಆಸೆ ಅದರ ಹಿಂದಿತ್ತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಅದನ್ನು ಮಾಡಿದವರು ಮೊದಲು ಕೇಳಿಕೊಂಡ ಪ್ರಶ್ನೆ ಇಂದಿಗೂ ಸರಿಯಾದ ಪ್ರಶ್ನೆಯೇ: ಇದನ್ನು ಯಾರು ಬಳಸುತ್ತಾರೆ, ಎಲ್ಲಿ ಬಳಸುತ್ತಾರೆ, ಯಾತಕ್ಕೆ?

ಅದೇ ಪ್ರಶ್ನೆಯನ್ನು ತಂಗಿಯ ಮುಂದಿಟ್ಟು, ಅವಳ ಒಂದು ದಿನದ ಕೆಲಸವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಾಗದದ ಮೇಲೆ ಬರೆಸಿದೆ. ಮೇಷ್ಟ್ರ ಬುದ್ಧಿ, ಬರೆಯಿಸದೆ ನೆಮ್ಮದಿಯಿಲ್ಲ. ರೈಲಿನಲ್ಲಿ ಹಳೆಯ ಬಾಕಿ ನೋಡಿಕೊಳ್ಳುವುದು. ಅಂಗಡಿಯಲ್ಲಿ, ಚೀಲದಲ್ಲಿಲ್ಲದ ಸೀರೆಗಳ ಚಿತ್ರ ತೋರಿಸುವುದು. ಅಲ್ಲೇ ಆರ್ಡರ್ ಬರೆದು ಬಿಲ್ ಮಾಡುವುದು. ಲಾಡ್ಜಿನಲ್ಲಿ ಫೋನಿನ ಇಂಟರ್‌ನೆಟ್ ಹಂಚಿಕೊಂಡು ಬಿಲ್ಲುಗಳನ್ನು ಕಳಿಸುವುದು. ವಾರಕ್ಕೊಮ್ಮೆ ಎರಡು ಕನ್ನಡ ಕಾಗದ. ಅಷ್ಟೆ. ಸಿನಿಮಾ ಎಡಿಟಿಂಗ್ ಇಲ್ಲ, ಆಟ ಇಲ್ಲ. ಆ ಕಾಗದವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಅಂಗಡಿ ಸುತ್ತಲು ಹೊರಟೆವು.

ಮೊದಲ ಅಂಗಡಿ ನಮ್ಮ ಯಲಹಂಕದ ಕಡೆಯದು. ಕೊಳ್ಳುವವಳು ತಂಗಿ, ಹಣ ಅವಳ ಚೀಲದಲ್ಲಿ. ಮಾರುವ ಹುಡುಗ ಮಾತಾಡಿದ್ದೆಲ್ಲ ಅವಳ ಮಗನ ಜೊತೆ. ಪ್ರೊಸೆಸರ್ ಯಾವ ತಲೆಮಾರು, ಕೋರ್ ಎಷ್ಟು ಎಂದು ಅವರಿಬ್ಬರೂ ಹತ್ತು ನಿಮಿಷ ಹರಟಿದರು. ತಂಗಿ 'ಇದರ ತೂಕ ಎಷ್ಟಪ್ಪ?' ಎಂದು ಕೇಳಿದಾಗ, 'ಮೇಡಂಗೆ ಕಲರ್ ತೋರಿಸು' ಎಂದು ಇನ್ನೊಬ್ಬ ಹುಡುಗನಿಗೆ ಹೇಳಿದ. ಗುಲಾಬಿ ಬಣ್ಣದ್ದೊಂದು ಬಂತು. ನಾವು ಎದ್ದು ಬಂದೆವು. ಎರಡನೆಯ ಅಂಗಡಿಯಲ್ಲಿ 15.6 ಇಂಚಿನದು ಬಿಟ್ಟರೆ ಬೇರೆ ತೋರಿಸಲೊಲ್ಲರು; ಪರದೆ ದೊಡ್ಡದಾದಷ್ಟೂ ಕಣ್ಣಿಗೆ ಹಿತ ಎಂಬ ವಾದ. ಮನೆಯಲ್ಲೇ ಇಟ್ಟು ಬಳಸುವವರಿಗೆ ಅದು ಸರಿ. ರೈಲಿನ ಆಸನದ ಹಿಂದಿನ ಮಡಿಚುವ ಹಲಗೆಯ ಮೇಲೆ ಅದು ಕೂರುವುದಿಲ್ಲ. ಮುಂದಿನವರು ಆಸನ ಒರಗಿಸಿದರೆ ಪರದೆಗೇ ಅಪಾಯ. ನಿಂತು ನಡೆಯುವವರಿಗೆ 14 ಇಂಚು, ಒಂದೂವರೆ ಕಿಲೋದೊಳಗಿನ ತೂಕ ಎಂಬ ಲೆಕ್ಕವನ್ನು ನಾವು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡೆವು. ಒಂದು ಎಚ್ಚರಿಕೆ: ಪೆಟ್ಟಿಗೆಯ ಮೇಲೆ ಬರೆದಿರುವುದು ಯಂತ್ರದ ತೂಕ ಮಾತ್ರ. ಚಾರ್ಜರನ್ನೂ ಜೊತೆಗಿಟ್ಟು ಎತ್ತಿ ನೋಡಬೇಕು.

ಮೂರನೆಯ ಅಂಗಡಿಯಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಮೇಜಿನ ಮೇಲೆ ಐದು ಲ್ಯಾಪ್‌ಟಾಪುಗಳು ಸಾಲಾಗಿ ತೆರೆದಿದ್ದವು. ನೋಡಲು ಎಲ್ಲವೂ ಒಂದೇ ಥರ. ತಂಗಿ ತನ್ನ ಫೋನಿನಲ್ಲಿದ್ದ ಒಂದು ಸೀರೆಯ ಚಿತ್ರವನ್ನು ಐದಕ್ಕೂ ಹಾಕಿಸಿದಳು. ಆಮೇಲೆ ಚೀಲದಿಂದ ಅದೇ ಸೀರೆಯನ್ನು ತೆಗೆದಳು. ಅರಗಿಳಿ ಹಸಿರಿನ ಮೈ, ದಾಳಿಂಬೆ ಕೆಂಪಿನ ಅಂಚು. ಒಂದೊಂದು ಪರದೆಯ ಪಕ್ಕದಲ್ಲೂ ಸೀರೆ ಹಿಡಿದು ನಿಂತಳು. ಏನು ಹೇಳಲಿ! ಒಂದರಲ್ಲಿ ಅರಗಿಳಿ ಹಸಿರು ಒಣಗಿದ ಬಾಳೆ ಎಲೆಯಾಗಿತ್ತು. ಇನ್ನೊಂದರಲ್ಲಿ ದಾಳಿಂಬೆ ಇಟ್ಟಿಗೆಯಾಗಿತ್ತು. ಐದರಲ್ಲಿ ಎರಡು ಮಾತ್ರ ಸೀರೆಯನ್ನು ಸೀರೆಯಂತೆ ತೋರಿಸಿದವು. ಅಂಗಡಿಯ ಹುಡುಗ ಕಾಗದ ತಿರುವಿ ನೋಡಿ ಕಾರಣ ಹೇಳಿದ. ಅಗ್ಗದ ಪರದೆಗಳ ವಿವರದಲ್ಲಿ 45 ಶೇಕಡಾ ಎನ್‌.ಟಿ.ಎಸ್‌.ಸಿ. ಎಂದು ಬರೆದಿರುತ್ತದೆ, ಅವು ಬಣ್ಣಗಳ ಒಂದು ದೊಡ್ಡ ಪಾಲನ್ನು ತೋರಿಸಲಾರವು. 100 ಶೇಕಡಾ ಎಸ್‌.ಆರ್‌.ಜಿ.ಬಿ. ಎಂದಿದ್ದರೆ ಬಣ್ಣ ನಂಬಬಹುದು. ಸೀರೆ, ಬಣ್ಣದ ಕಾಗದ, ಆಭರಣ, ಮನೆಯ ಪೇಂಟು, ಹೀಗೆ ಬಣ್ಣದ ಮೇಲೆ ವ್ಯಾಪಾರ ನಡೆಸುವವರಿಗೆ ಇದು ಪ್ರೊಸೆಸರಿಗಿಂತ ದೊಡ್ಡ ಪ್ರಶ್ನೆ. ಪರದೆಯಲ್ಲಿ ಒಂದು ಬಣ್ಣ ತೋರಿಸಿ ಪೆಟ್ಟಿಗೆಯಲ್ಲಿ ಇನ್ನೊಂದು ಕಳಿಸಿದರೆ ಸೀರೆ ವಾಪಸು, ಲಾರಿ ಬಾಡಿಗೆ ನಷ್ಟ, ಹೆಸರೂ ಕೆಡುತ್ತದೆ. ಪರದೆ ಕನ್ನಡಿಯಂತೆ ಹೊಳೆಯುವುದಕ್ಕಿಂತ ಮಂದವಾಗಿರುವುದು ಲೇಸು ಎಂಬುದನ್ನೂ ಅವಳೇ ಕಂಡುಕೊಂಡಳು. ಹೊಳೆಯುವ ಪರದೆಯನ್ನು ಬಾಗಿಲ ಬಳಿ ಒಯ್ದಾಗ ಅದರಲ್ಲಿ ಕಂಡದ್ದು ಸೀರೆಯಲ್ಲ, ನಮ್ಮಿಬ್ಬರ ಮುಖ. ಅಲ್ಲಿಂದ ಮುಂದೆ ಆ ಹುಡುಗ ಮಾತಾಡಿದ್ದು ತಂಗಿಯ ಜೊತೆಗೆ.

ಉಳಿದ ಎರಡರಲ್ಲಿ ಯಾವುದು? ಈಗ ಬ್ಯಾಟರಿಯ ಲೆಕ್ಕ. 'ಹನ್ನೆರಡು ಗಂಟೆ ಬರುತ್ತದೆ' ಎಂಬ ಜಾಹೀರಾತಿನ ಮಾತನ್ನು ಹಾಗೇ ನಂಬಬೇಕಿಲ್ಲ. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಎಂಬ ಅಂಕಿ ಇರುತ್ತದೆ. ಬಿಲ್ಲು, ಕಾಗದ, ಚಿತ್ರದಂಥ ಹಗುರ ಕೆಲಸಕ್ಕೆ ಇಂಥ ಯಂತ್ರ ಗಂಟೆಗೆ ಸುಮಾರು 8 ವ್ಯಾಟ್-ಅವರ್ ತಿನ್ನುತ್ತದೆಂದು ಹಿಡಿದರೆ, 56ರ ಬ್ಯಾಟರಿ 7 ಗಂಟೆ, 40ರದು 5 ಗಂಟೆ. ಏಳನೆಯ ತರಗತಿಯ ಭಾಗಾಕಾರ. 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲಿನಲ್ಲಿ ಆಸನದ ಬಳಿಯೇ ವಿದ್ಯುತ್ ಸಿಗುತ್ತದೆ. ಆದರೆ ರಾತ್ರಿಯ ರೈಲುಗಳ ಚಾರ್ಜಿಂಗ್ ಪಾಯಿಂಟುಗಳನ್ನು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ನಿಲ್ಲಿಸಬೇಕೆಂದು, ಬೆಂಕಿಯ ಭಯದಿಂದ, ರೈಲ್ವೆಯವರು 2021ರಲ್ಲಿ ತೀರ್ಮಾನಿಸಿದರು. ಸರ್ಕಾರಿ ಬಸ್ಸಿನಲ್ಲಿ ನಿಂತು ಹೋಗುವಾಗಲಂತೂ ಆ ಮಾತೇ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮಗೆಲ್ಲ ಟಿಕೆಟ್ ಉಚಿತ, ಆಸನ ಅದೃಷ್ಟ. ಆದ್ದರಿಂದ 56ರದೇ ಬೇಕೆಂದಾಯಿತು. ಅದರ ಚಾರ್ಜರ್ ಟೈಪ್-ಸಿ ಬಗೆಯದು. ಅದೇ ತಂತಿಯಿಂದ ಫೋನಿಗೂ ವಿದ್ಯುತ್ ಹರಿಯುತ್ತದೆ. ಚೀಲದಲ್ಲಿ ಒಂದು ತಂತಿ ಕಡಿಮೆಯಾಯಿತು.

ದೇವನಹಳ್ಳಿಯಿಂದ ವಿಮಾನ ಹತ್ತುವವರಿಗೆ ಒಂದು ಮಾತು ಸೇರಿಸುತ್ತೇನೆ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಅನುಮತಿ ಬೇಕು. ಅದರ ಮೇಲೆ 20,000 ಎಂ.ಎ.ಎಚ್. ಎಂದಿದ್ದರೆ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತದೆ. ತಕರಾರಿಲ್ಲ.

ಇನ್ನು ಒಳಗಿನ ಸಂಗತಿ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ಗಿರ್ರನೆ ಸುತ್ತುತ್ತಿರುತ್ತದೆ. ಓಡುವಾಗ ಬಸ್ಸು ಗುಂಡಿಗೆ ಬಿದ್ದರೆ ಅದಕ್ಕೆ ಪೆಟ್ಟು. ಎಸ್‌.ಎಸ್‌.ಡಿ.ಯಲ್ಲಿ ಸುತ್ತುವ ಭಾಗವೇ ಇಲ್ಲ, ವೇಗವೂ ಹೆಚ್ಚು. ಊರಾಡುವವರಿಗೆ ಅದೇ ಸರಿ, 512 ಜಿ.ಬಿ. ಧಾರಾಳ. ರ್‍ಯಾಮ್ 8 ಸಾಕೇ, 16 ಬೇಕೇ ಎಂಬುದಕ್ಕೆ ಮರುಪ್ರಶ್ನೆ ಕೇಳಬೇಕು: ಮುಂದೆ ಹೆಚ್ಚಿಸಲು ಬರುತ್ತದೆಯೇ? ತೆಳ್ಳಗಿನ ಎಷ್ಟೋ ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಹೆಚ್ಚಿಸಲಾಗದಿದ್ದರೆ ಮೊದಲೇ 16 ಕೊಳ್ಳುವುದು ಜಾಣತನ. ಮಕ್ಕಳ ಲಂಗಕ್ಕೆ ಮಡಿಕೆ ಇಟ್ಟು ಹೊಲಿಸಿದ ಹಾಗೆ.

ತಂಗಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಅದಕ್ಕೆ ವಿಂಡೋಸ್ ಬೇಕು. ಆದ್ದರಿಂದ ಚೆಂದದ ಟ್ಯಾಬ್ಲೆಟ್ಟುಗಳೂ, ಸೇಬಿನ ಗುರುತಿನದೂ ನಮ್ಮ ಪಟ್ಟಿಯಿಂದ ಹೊರಗುಳಿದವು. ಟ್ಯಾಲಿ ಹುಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ಜವಳಿ ಗಿರಣಿಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲವಂತೆ. ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. ಅದೂ ಬಟ್ಟೆಯ ನಂಟೇ, ನೋಡಿ. ಕನ್ನಡ ಕಾಗದಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ಇದೆ. ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು, ಉಚ್ಚಾರಣೆಯಂತೆ ಒತ್ತುತ್ತಾ ಹೋದರೆ ಕನ್ನಡ ಮೂಡುತ್ತದೆ. ತಂಗಿ ಅಂಗಡಿಯಲ್ಲೇ ಕೀಲಿಗಳ ಮೇಲೆ ಹತ್ತು ನಿಮಿಷ ಕೈಯಾಡಿಸಿದಳು. ಕೀಲಿ ಆಳಕ್ಕಿಳಿಯುತ್ತದೆಯೇ, ಬಳೆ ತಗಲುತ್ತದೆಯೇ ಎಂದು ಕೂಡ ನೋಡಿದಳು.

ಬೆಲೆ 59,000 ರೂಪಾಯಿ. ಬಿಲ್ ಬರೆಯುವಾಗ ಹುಡುಗ 'ಯಾರ ಹೆಸರಿಗೆ?' ಎಂದ. ಮಗನ ಹೆಸರು, ಅವನ ಫೋನ್ ನಂಬರ್ ಕೊಡುವುದು ನಮ್ಮ ಮನೆಗಳ ರೂಢಿ. ತಂಗಿ ಜಿ.ಎಸ್.ಟಿ. ನೋಂದಣಿಯ ಪ್ರತಿ ತೆಗೆದು ಮುಂದಿಟ್ಟಳು. ಗಂಡನ ಕಾಯಿಲೆಯ ನಂತರ ಅದು ಅವಳ ಹೆಸರಿನಲ್ಲಿದೆ. ಇದು ಬರಿಯ ಅಭಿಮಾನದ ಮಾತಲ್ಲ, ಹಣದ ಮಾತು. ಲ್ಯಾಪ್‌ಟಾಪಿನ ಮೇಲೆ 18 ಶೇಕಡಾ ತೆರಿಗೆ ಇದೆ. 59,000ದಲ್ಲಿ ಮೂಲಬೆಲೆ 50,000, ತೆರಿಗೆ 9,000. ಬಿಲ್ಲಿನ ಮೇಲೆ ವ್ಯಾಪಾರದ ಹೆಸರೂ ನೋಂದಣಿ ಸಂಖ್ಯೆಯೂ ಇದ್ದರೆ, ಸಾಮಾನ್ಯ ನೋಂದಣಿಯವರು ಆ 9,000ವನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಈ ಸೌಲಭ್ಯವಿಲ್ಲ. ಹೆಸರು ಯಾರದೆಂಬ ಒಂದು ಪ್ರಶ್ನೆಗೆ ಒಂಬತ್ತು ಸಾವಿರದ ಬೆಲೆ! ವಾರಂಟಿಯ ಕಾಗದವನ್ನೂ ಓದಿಸಿದೆ. ಕೆಟ್ಟರೆ ಮನೆಗೆ ಬಂದು ನೋಡುತ್ತಾರೆಯೇ, ನಾವು ಹೊತ್ತು ಒಯ್ಯಬೇಕೇ. ಹುಬ್ಬಳ್ಳಿಯಲ್ಲಿ ಕೆಟ್ಟರೆ ಹುಬ್ಬಳ್ಳಿಯಲ್ಲೇ ನೋಡುವವರಿದ್ದಾರೆಯೇ. ಪ್ರಯಾಣಿಕರಿಗೆ ಇದು ಮುಖ್ಯ.

ಲ್ಯಾಪ್‌ಟಾಪಿನ ಜೊತೆ ಕಂಪನಿಯ ಹೆಸರು ದೊಡ್ಡದಾಗಿ ಬರೆದ ಚೀಲವೊಂದು ಉಚಿತ ಬಂತು. ಅದನ್ನು ಮಗನಿಗೆ ಕೊಟ್ಟಳು. ಜನಜಂಗುಳಿಯ ನಿಲ್ದಾಣದಲ್ಲಿ 'ಇದರೊಳಗೆ ಅರವತ್ತು ಸಾವಿರವಿದೆ' ಎಂದು ಬೋರ್ಡು ತಗಲಿಸಿಕೊಂಡು ಓಡಾಡುವುದೇಕೆ? ಹುಬ್ಬಳ್ಳಿ ಕಡೆಯಿಂದ ತಂದ ಹಳೆಯ ಕೌದಿಯ ಒಂದು ತುಂಡು ಕತ್ತರಿಸಿ ಒರೆ ಹೊಲಿದಳು. ಕೌದಿಯ ಒರೆಯಲ್ಲಿ ಗಣಕ, ಅದರ ಎರಡು ಪಕ್ಕದಲ್ಲೂ ಸೀರೆ. ಪೆಟ್ಟು ತಗಲುವ ಭಯವೇ ಇಲ್ಲ. ತೆರೆಯಲು ಬೆರಳಚ್ಚು. ಪ್ರತಿ ರಾತ್ರಿ ಲೆಕ್ಕದ ಒಂದು ಪ್ರತಿ ಪೆನ್ ಡ್ರೈವಿಗೆ. ಅದು ಇರುವುದು ಚೀಲದಲ್ಲಲ್ಲ, ಸೊಂಟದ ಸಂಚಿಯಲ್ಲಿ. ನಿಲ್ದಾಣದ ಉಚಿತ ವೈ-ಫೈಯಲ್ಲಿ ಬ್ಯಾಂಕಿನ ಕೆಲಸ ಮಾಡುವುದಿಲ್ಲ, ತನ್ನ ಫೋನಿನದೇ ಬಳಸುತ್ತಾಳೆ. ಈಗ ಚೀಲ ಒಟ್ಟು 7 ಕಿಲೋ. ಸೀರೆಯ ಚಿತ್ರಗಳಿರುವುದರಿಂದ ಮಾದರಿಗೆ ಹತ್ತರ ಬದಲು ಏಳೇ ಸಾಕಾಗಿದೆ.

ಊರಿನಲ್ಲಿರುವ ದಿನ ಸಂಜೆ ಆ ಯಂತ್ರ ಅವಳ ಗಂಡನ ಮುಂದಿರುತ್ತದೆ. ಫೋನನ್ನು ಒಂದೇ ಕೈಯಲ್ಲಿ ಹಿಡಿದು ಒತ್ತಲು ಅವರಿಗಾಗದು. ಇದನ್ನು ಮೇಜಿನ ಮೇಲಿಟ್ಟರೆ ಎಡಗೈಯಿಂದ ನಿಧಾನವಾಗಿ ಖಾತೆಗಳನ್ನು ತಿರುವುತ್ತಾರೆ. ಯಾರು ಮಾತಿಗೆ ನಿಲ್ಲುವವರು, ಯಾರು ಹಬ್ಬ ಕಳೆಯುವವರೆಗೆ ಸತಾಯಿಸುವವರು ಎಂಬುದು ಇಪ್ಪತ್ತು ವರ್ಷದ ಅನುಭವ. ಮಾತು ಇನ್ನೂ ತೊದಲುತ್ತದೆ. ಬೆರಳಿಟ್ಟು ತೋರಿಸುತ್ತಾರೆ, ಅವಳು ಗುರುತು ಹಾಕಿಕೊಳ್ಳುತ್ತಾಳೆ.

ಸಂಕ್ರಾಂತಿ ಬಂದು ಹೋಯಿತು. ಏಜೆಂಟರ ಮಾತನ್ನು ಭಾವನವರು ಮತ್ತೆ ಎತ್ತಿಲ್ಲ. ದಾವಣಗೆರೆಯ ಆ ಅಂಗಡಿ ಇನ್ನೂ ಮರಳಿಲ್ಲ; ಹುಬ್ಬಳ್ಳಿಯಲ್ಲಿ ಎರಡು ಹೊಸದು ಸೇರಿವೆ. ಮಗ್ಗದವರ ಶನಿವಾರದ ಲೆಕ್ಕ ಶನಿವಾರವೇ ಚುಕ್ತಾ ಆಗುತ್ತಿದೆ. ಮೊನ್ನೆ ಮಧ್ಯಾಹ್ನ, ನಾನು ಎಂಟನೆಯ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತಿದ್ದಾಗ, ರಾಣೆಬೆನ್ನೂರು ದಾಟಿದ ರೈಲಿನಿಂದ ಅವಳ ಸಂದೇಶ ಬಂತು: 'ನಾಲ್ಕು ಬಿಲ್ ಕಳಿಸಿದೆ. ಚಾರ್ಜ್ ಇನ್ನೂ ಅರವತ್ತು ಇದೆ. ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಊಟ ಮಾತ್ರ ಚೆನ್ನಾಗಿರಲಿಲ್ಲ.'